ಹೂಂ ಅಂದದ್ದು ಆ ಕಡೆ ಕೇಳಿಸಿತಾ?

ಪಿಎಚ್‌ಡಿ ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಒಂದು ಪ್ರಶ್ನೆ ಕೇಳುತ್ತಾರೆ. ಅಭ್ಯರ್ಥಿ ಒಂದು ಸೆಕೆಂಡು ಸುಮ್ಮನಿರುತ್ತಾರೆ. ಅಷ್ಟರಲ್ಲೇ ಅಲ್ಲಿ ಕೂತವರ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದುಹೋಗುತ್ತದೆ. ತಡವರಿಸಿದರು, ಸರಿಯಾಗಿ ಓದಿಕೊಂಡು ಬಂದಿಲ್ಲ, ಪ್ರಶ್ನೆಯೇ ಅರ್ಥವಾಗಲಿಲ್ಲ, ಹೀಗೆ. ಎದುರುಬದುರು ಕೂತಾಗ ಈ ಲೆಕ್ಕ ಎಷ್ಟೋ ಸಲ ಸರಿಯಿರಬಹುದು. ಆದರೆ ಇಂಟರ್ನೆಟ್ ಕರೆಯಲ್ಲಿ ನಡೆಯುವ ವೈವಾದಲ್ಲೂ ಅದೇ ಲೆಕ್ಕ ಹಾಕಿದರೆ ಅನ್ಯಾಯವಾಗುತ್ತದೆ. ಆ ಒಂದು ಸೆಕೆಂಡು ಅಭ್ಯರ್ಥಿಯದ್ದೇ ಆಗಿರಬೇಕು ಅಂತೇನಿಲ್ಲ. ಲೈನಿನದ್ದೂ ಇರಬಹುದು.

ಇದು ನನ್ನ ಊಹೆಯಲ್ಲ. ಜರ್ಮನಿಯ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಬ್ಬರ ನಡುವಿನ ಕರೆಯಲ್ಲಿ ಬೇಕೆಂದೇ ಒಂದಿಷ್ಟು ವಿಳಂಬ ಸೇರಿಸಿ, ಮಾತು ಮುಗಿದ ಮೇಲೆ ಆ ಕಡೆಯವರು ಹೇಗನ್ನಿಸಿದರು ಎಂದು ಕೇಳಿದರು. ವಿಳಂಬ 1.2 ಸೆಕೆಂಡಿನಷ್ಟಾದಾಗ, ಆ ಕಡೆಯವರಿಗೆ ಗಮನ ಕಡಿಮೆ, ಸ್ನೇಹವೂ ಕಡಿಮೆ ಎಂದು ಜನ ಅಳೆದರು. ತಡ ಮಾಡಿದ್ದು ಲೈನು, ಹೆಸರು ಕೆಟ್ಟಿದ್ದು ಮನುಷ್ಯರದು.

ನಾನು ಭಾಷಾವಿಜ್ಞಾನ ಮತ್ತು ಜಾನಪದ ಪಾಠ ಮಾಡುವವಳು. ಸ್ಕೈಪ್ ಕಾಲದಿಂದ ಇಂದಿನ ಮೀಟ್, ಜೂಮ್, ವಾಟ್ಸಾಪ್‌ವರೆಗೆ ಇಂಥ ಕರೆಗಳಲ್ಲೇ ಪಾಠ, ಸಂದರ್ಶನ, ಮಾರ್ಗದರ್ಶನ, ವೈವಾ ಎಲ್ಲ ಮಾಡಿದ್ದೇನೆ. ಇವು ಇಲ್ಲದೇ ಹೋಗಿದ್ದರೆ ನನ್ನ ಕೆಲವು ವಿದ್ಯಾರ್ಥಿಗಳ ಸಂಶೋಧನೆ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಇವುಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಈ ಸಾಫ್ಟ್‌ವೇರ್ ನಮ್ಮ ದನಿಯನ್ನು ಇದ್ದದ್ದು ಇದ್ದ ಹಾಗೆ ದಾಟಿಸುವುದಿಲ್ಲ. ಅದೊಂದು ಜರಡಿ. ಏನು ಉಳಿಯಬೇಕು, ಏನು ಉದುರಬೇಕು ಅಂತ ಅದೇ ತೀರ್ಮಾನಿಸುತ್ತದೆ. ಉದುರಿದ್ದು ಏನು ಅನ್ನೋದು ಪಾಠ ಹೇಳುವವರಿಗೂ ಪರೀಕ್ಷೆ ಮಾಡುವವರಿಗೂ ಗೊತ್ತಿರಲೇಬೇಕು. ಇಲ್ಲದಿದ್ದರೆ ಅದರ ಹೊಣೆಯನ್ನು ಆ ಕಡೆ ಕೂತ ಮನುಷ್ಯರ ತಲೆಗೆ ಕಟ್ಟುತ್ತೇವೆ.

ಮೊದಲು ಈ ವಿಳಂಬದ ಮಾತು. ಇಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಇರುವ ಸಂದು ತುಂಬಾ ಚಿಕ್ಕದು. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಅಧ್ಯಯನದಲ್ಲಿ ಅದು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಎಲ್ಲ ಕಡೆ ಇದೇ ಅಂದಾಜು. ಈ ಕಡೆಯಿಂದ ಆ ಕಡೆಗೆ ದನಿ ಹೋಗಲು 150 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿದರೆ ಮಾತುಕತೆಗೆ ತೊಂದರೆಯಿಲ್ಲ, 400 ದಾಟಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಹಳ್ಳಿಯ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಈ ಮಿತಿ ದಾಟಿಹೋಗುವುದು ಏನೂ ಕಷ್ಟವಲ್ಲ. ಆಗ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ. ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. "ನೀವು ಹೇಳಿ ಸರ್", "ಇಲ್ಲ ಇಲ್ಲ, ನೀವೇ ಹೇಳಿ" ಅನ್ನೋದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಗೆ ಈ ಅನುಭವ ಹಳೆಯದು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿಸಿತು. ಪಾಠಕ್ಕೆಂದೇ ಮೀಸಲಾದ ಉಪಗ್ರಹ. ಅದರ ಪ್ರಾಯೋಗಿಕ ಹಂತದಲ್ಲೇ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸೇರಿಕೊಂಡಿತ್ತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠ ಬರುತ್ತಿತ್ತು. ಉಪಗ್ರಹ ಇದ್ದದ್ದು ಸುಮಾರು 36,000 ಕಿಲೋಮೀಟರ್ ಮೇಲೆ. ದನಿ ಹತ್ತಿ ಇಳಿಯಲು ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಕಡಿಮೆ ಅಂದರೂ ಅರ್ಧ ಸೆಕೆಂಡು. ಬೆಳಕಿನ ವೇಗವೇ ಅಷ್ಟಾದ್ದರಿಂದ ಅದನ್ನು ಯಾವ ಎಂಜಿನಿಯರೂ ಕಡಿಮೆ ಮಾಡುವ ಹಾಗಿರಲಿಲ್ಲ. ನೆಲದ ಮೇಲಿನ ಕೇಬಲ್ಲಿನಲ್ಲಿ ಹೋಗುವ ಇಂಟರ್ನೆಟ್ ಕರೆಗೆ ಈ ಶಾಪವಿಲ್ಲ. ಅಲ್ಲಿ ತಡವಾಗುವುದಕ್ಕೆ ಕಾರಣ ಬೇರೆ.

ಇಂಟರ್ನೆಟ್ಟಿನಲ್ಲಿ ದನಿ ತುಂಡುತುಂಡಾಗಿ ಹೋಗುತ್ತದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ತುಂಡು, ಸೆಕೆಂಡಿಗೆ 50. ಒಂದೊಂದು ತುಂಡಿಗೆ ಹಿಡಿಯುವ ಹೊತ್ತು ಒಂದೊಂದು ಥರ. ಬಂದದ್ದನ್ನು ಬಂದ ಹಾಗೇ ಕೇಳಿಸಿದರೆ ಮಾತು ಕಲಸಿಹೋಗುತ್ತದೆ. ಅದಕ್ಕೆ ಸಾಫ್ಟ್‌ವೇರ್ ಒಂದಿಷ್ಟು ತುಂಡುಗಳನ್ನು ಕೂಡಿಟ್ಟುಕೊಂಡು, ಸಾಲಾಗಿ ಜೋಡಿಸಿ ಆಮೇಲೆ ಬಿಡುತ್ತದೆ. ನೆಟ್‌ವರ್ಕ್ ಕೆಟ್ಟಷ್ಟೂ ಜಾಸ್ತಿ ಕೂಡಿಡಬೇಕು. ಜಾಸ್ತಿ ಕೂಡಿಟ್ಟಷ್ಟೂ ಜಾಸ್ತಿ ತಡ. ತೀರಾ ತಡವಾಗಿ ಬಂದ ತುಂಡನ್ನು ಎಸೆದುಬಿಡುತ್ತದೆ.

ಎಸೆಯಬೇಕು ಅನ್ನುವ ಈ ತಿಳಿವಳಿಕೆ ಬಂದದ್ದು ವಿಶ್ವವಿದ್ಯಾಲಯದ ಅಂಗಳದಲ್ಲೇ. ನಾವು ವಿಶ್ವವಿದ್ಯಾಲಯದವರು ಇದನ್ನು ನೆನಪಿಡಬೇಕು ಅಂತ ನನಗೆ ಅನ್ನಿಸುತ್ತದೆ. 1974ರಲ್ಲಿ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಎಂಬ ಜಾಲದ ಮೇಲೆ ಮೊದಲ ಸಲ ದನಿಯನ್ನು ತುಂಡುಗಳಾಗಿ ಕಳಿಸುವ ಪ್ರಯೋಗಗಳು ನಡೆದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಡ್ಯಾನಿ ಕೋಹೆನ್ ಅದರ ಮುಂಚೂಣಿಯಲ್ಲಿದ್ದರು. ಆಗಿನ ನಿಯಮದ ಪ್ರಕಾರ ಒಂದು ತುಂಡು ಕಳೆದರೆ ಅದನ್ನು ಮತ್ತೆ ತರಿಸಿಕೊಳ್ಳುವವರೆಗೂ ಉಳಿದವು ಕಾಯಬೇಕಿತ್ತು. ಫೈಲಿಗೆ ಇದು ಸರಿ, ಒಂದಕ್ಷರವೂ ಹೋಗಬಾರದು. ಮಾತಿಗೆ ಸರಿಯಲ್ಲ. ಮಾತಿನಲ್ಲಿ ತಡವಾಗಿ ಬರುವುದಕ್ಕಿಂತ ಬಾರದಿರುವುದೇ ವಾಸಿ ಎಂದು ಅವರು ಪಟ್ಟುಹಿಡಿದು ವಾದಿಸಿದರು. ಕಳೆದದ್ದನ್ನು ಮತ್ತೆ ತರಿಸುವ ಟಿಸಿಪಿ ಎಂಬ ನಿಯಮದಿಂದ ತುಂಡನ್ನು ವಿಳಾಸಕ್ಕೆ ಸಾಗಿಸುವ ಐಪಿ ಎಂಬ ನಿಯಮ ಬೇರೆಯಾಗಲು, ಕಳೆದದ್ದಕ್ಕೆ ಕಾಯದ ಯುಡಿಪಿ ಅನ್ನುವ ಹಗುರ ದಾರಿ ಹುಟ್ಟಲು ಈ ವಾದವೂ ಒಂದು ಕಾರಣ. ಇವತ್ತು ನಾವು ಮಾಡುವ ಬಹುತೇಕ ಇಂಟರ್ನೆಟ್ ಕರೆಗಳು ಆ ದಾರಿಯಲ್ಲೇ ಓಡಾಡುತ್ತಿವೆ.

ಭಾರತದಲ್ಲಿ ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಿಷಿದ್ಧವಾಗಿತ್ತು. ಮರುವರ್ಷ ಆಗಸ್ಟಿನಲ್ಲಿ ಸ್ಕೈಪ್ ಬಂತು. ಶುರು ಮಾಡಿದವರು ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರೀಸ್. ಕೋಡ್ ಬರೆದವರು ಎಸ್ಟೋನಿಯಾದ ಹುಡುಗರು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಆಗ ಕನಿಷ್ಠ 256 ಕೆಬಿಪಿಎಸ್, ಸೆಕೆಂಡಿಗೆ 256 ಕಿಲೋಬಿಟ್ ವೇಗ. ಇವತ್ತಿಗೆ ಏನೇನೂ ಅಲ್ಲ. ಆದರೆ ದನಿಗೆ ಅಷ್ಟು ಧಾರಾಳವಾಗಿ ಸಾಕಿತ್ತು. ವಿದೇಶದ ವಿಶ್ವವಿದ್ಯಾಲಯದಲ್ಲಿ ಕನ್ನಡದ ಬಗ್ಗೆ ಕೆಲಸ ಮಾಡುವ ಒಬ್ಬರ ಜೊತೆ ಒಂದು ಶಾಸನದ ಸಾಲನ್ನು ಕೂತು ಚರ್ಚಿಸಲು ಐಎಸ್‌ಡಿ ಬಿಲ್ಲಿನ ಭಯವಿಲ್ಲ ಅನ್ನೋದು ಆಗ ಎಷ್ಟು ದೊಡ್ಡ ವಿಷಯ! ಅದುವರೆಗೆ ನಿಮಿಷಕ್ಕೆ ದುಡ್ಡು ಲೆಕ್ಕ ಹಾಕಿ ಮಾತಾಡುತ್ತಿದ್ದವರಿಗೆ, ಇಬ್ಬರೂ ಸುಮ್ಮನೆ ಕೂತು ಯೋಚಿಸುವಷ್ಟು ಸಮಯ ಸಿಕ್ಕಿತು. ವಿದ್ಯೆಯ ಮಾತಿಗೆ ಬೇಕಾದದ್ದೇ ಅದು, ಅಲ್ವಾ?

ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೇಂದ್ರಗಳಿಗೆ ಮಾತ್ರ ಸ್ಕೈಪ್ ಮೇಲೆ ಅನುಮಾನವಿತ್ತು. ಅದಕ್ಕೆ ಕಾರಣವೂ ಇತ್ತು. ಆಗಿನ ಸ್ಕೈಪಿಗೆ ದೊಡ್ಡ ಸರ್ವರುಗಳ ಆಸರೆ ಇರಲಿಲ್ಲ. ಬಳಸುವವರ ಕಂಪ್ಯೂಟರುಗಳೇ ಒಂದಕ್ಕೊಂದು ಕೈಜೋಡಿಸುತ್ತಿದ್ದವು. ಒಳ್ಳೆಯ ವೇಗ, ನೇರ ವಿಳಾಸ ಇರುವ ಕಂಪ್ಯೂಟರನ್ನು ಅದು ತಾನಾಗಿಯೇ ಸೂಪರ್‌ನೋಡ್ ಮಾಡಿಕೊಂಡು ಬೇರೆಯವರ ಕರೆಗಳಿಗೆ ದಾರಿ ತೋರಿಸುವ ಕೆಲಸ ಹಚ್ಚುತ್ತಿತ್ತು. ಅಂಥ ಕಂಪ್ಯೂಟರುಗಳು ಹೆಚ್ಚಾಗಿ ಇದ್ದದ್ದೆಲ್ಲಿ? ವಿಶ್ವವಿದ್ಯಾಲಯಗಳಲ್ಲಿ. ಹಾಗಾಗಿ ವಿದೇಶದ ಕೆಲವು ಕ್ಯಾಂಪಸ್ಸುಗಳು ಅದನ್ನು ನಿರ್ಬಂಧಿಸಿದವು. ಆಮೇಲೆ ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರಿಗೆ ಸ್ಕೈಪನ್ನು ಕೊಂಡಿತು. ಸೂಪರ್‌ನೋಡುಗಳನ್ನು ತನ್ನದೇ ಸರ್ವರುಗಳಿಗೆ ಸಾಗಿಸಿತು. 2025ರ ಮೇ 5ಕ್ಕೆ ಸ್ಕೈಪ್ ಮುಚ್ಚಿಹೋಯಿತು.

ಸ್ಕೈಪ್ ಹೋದರೂ ಅದರ ದನಿಯ ತಂತ್ರ ಹೋಗಿಲ್ಲ. ಸ್ಕೈಪ್ ತನಗಾಗಿ ಮಾಡಿಕೊಂಡಿದ್ದ ಸಿಲ್ಕ್ ಎಂಬ ಕೋಡೆಕ್ಕನ್ನು, ಅಂದರೆ ದನಿಯನ್ನು ಕಡಿಮೆ ಡೇಟಾಕ್ಕೆ ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನವನ್ನು, ಸೆಲ್ಟ್ ಎಂಬ ಇನ್ನೊಂದರ ಜೊತೆ ಸೇರಿಸಿ 2012ರಲ್ಲಿ ಓಪಸ್ ಎಂಬ ಮುಕ್ತ ಮಾನದಂಡ ಮಾಡಲಾಯಿತು. ವಾಟ್ಸಾಪ್‌ನಲ್ಲಿ ಬಂದ ವಾಯ್ಸ್ ಮೆಸೇಜಿನ ಫೈಲನ್ನು ಆಂಡ್ರಾಯ್ಡ್ ಫೋನಿನಲ್ಲಿ ಹುಡುಕಿ ಹೆಸರು ನೋಡಿ. ಕೊನೆಯಲ್ಲಿ ಓಪಸ್ ಅಂತ ಇರುತ್ತದೆ. ಬ್ರೌಸರಿನೊಳಗೆ ನಡೆಯುವ ಕರೆಗಳಿಗೂ ಇದೇ. ಮನುಷ್ಯರ ಮಾತನ್ನು ಇಷ್ಟು ಕಡಿಮೆ ಡೇಟಾದಲ್ಲಿ ಇಷ್ಟು ಚೆನ್ನಾಗಿ ಹಿಡಿದಿಡುವ ಸಾಧನ ಯಾರಿಗೂ ಕಾಸು ಕೊಡದೆ ಎಲ್ಲರಿಗೂ ಸಿಗುತ್ತಿದೆ. ಇದನ್ನು ಮಾಡಿಕೊಟ್ಟವರಿಗೆ ನಾನು ಮನಸಾರೆ ಋಣಿ.

ಈಗ ನನಗೆ ತೀರಾ ಹತ್ತಿರದ ಒಂದು ವಿಷಯ. ಹೂಂಗುಟ್ಟುವುದು.

ನಮ್ಮಲ್ಲಿ ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕೇ ಬೇಕು. ಅಜ್ಜಿ ಒಂದು ಸಾಲು ಹೇಳಬೇಕು, ನಾವು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಕೇಳುವವರು ಮಲಗಿಬಿಟ್ಟರು ಅಂತ ಅರ್ಥ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು. ಪ್ರಶ್ನೆ ಆಮೇಲೆ ಕೇಳಿ, ಮೊದಲು ಹೂಂಗುಟ್ಟಿ.

ಕೊರೊನಾ ಕಾಲದಲ್ಲಿ ಊರಿಗೆ ಹೋಗುವ ಹಾಗಿರಲಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಚಾಮರಾಜನಗರದ ಕಡೆಯ ಒಬ್ಬ ಅಜ್ಜಿಯ ಜೊತೆ ಫೋನಿನ ಆ್ಯಪಿನಲ್ಲಿ ಮಾತಾಡಿ ಕತೆಗಳನ್ನು ಸಂಗ್ರಹಿಸುತ್ತಿದ್ದಳು. ಅಜ್ಜಿಯ ಮೊಮ್ಮಗ ಫೋನನ್ನು ಜಗಲಿ ಮೇಲೆ ಇಟ್ಟು ಸ್ಪೀಕರ್ ಹಾಕಿಕೊಡುತ್ತಿದ್ದ. ರೆಕಾರ್ಡಿಂಗ್ ನನ್ನ ಕೈಗೆ ಬಂತು. ಅಜ್ಜಿ ಹೇಳುತ್ತಿದ್ದಾರೆ, ಹುಡುಗಿ ಹೂಂ ಅನ್ನುತ್ತಾಳೆ, ಅಜ್ಜಿಯ ಮುಂದಿನ ಸಾಲಿನ ಮೊದಲ ಎರಡು ಅಕ್ಷರ ಮಾಯ. ಮತ್ತೆ ಹೂಂ, ಮತ್ತೆ ಎರಡು ಅಕ್ಷರ ಮಾಯ. ಕತೆಯುದ್ದಕ್ಕೂ ಹೀಗೇ ಆಗಿದೆ.

ಯಾಕೆ ಹೀಗೆ? ಅಜ್ಜಿಯ ಫೋನಿನ ಸ್ಪೀಕರಿನಿಂದ ಹುಡುಗಿಯ ಹೂಂ ಜೋರಾಗಿ ಹೊರಡುತ್ತದೆ. ಅದೇ ಫೋನಿನ ಮೈಕು ಅದನ್ನು ಮತ್ತೆ ಹಿಡಿಯುತ್ತದೆ. ಹಾಗೇ ಬಿಟ್ಟರೆ ಹುಡುಗಿಗೆ ತನ್ನ ದನಿಯೇ ಮಾರ್ದನಿಯಾಗಿ ಕೇಳಿಸುತ್ತದೆ. ಅದನ್ನು ತಡೆಯಲು ಸಾಫ್ಟ್‌ವೇರಿನಲ್ಲಿ ಮಾರ್ದನಿ ಅಳಿಸುವ ಏರ್ಪಾಡು ಇರುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಯಾವುದು ಮಾರ್ದನಿ, ಯಾವುದು ಅಜ್ಜಿಯ ದನಿ ಅಂತ ಬಿಡಿಸುವುದು ಅದಕ್ಕೆ ಕಷ್ಟ. ಆಗ ಅದು ಆ ಕ್ಷಣದಲ್ಲಿ ಅಜ್ಜಿಯ ಮೈಕನ್ನೇ ತಗ್ಗಿಸಿಬಿಡುತ್ತದೆ. ಅಜ್ಜಿಯ ಮಾತು ಮುಂದೆ ಸಾಗಲಿ ಅಂತ ಹೇಳಿದ ಹೂಂ, ಅಜ್ಜಿಯ ಮಾತನ್ನೇ ಕತ್ತರಿಸುತ್ತಿತ್ತು.

ಹಾಗಾದರೆ ಹೂಂ ಅನ್ನೋದು ಬಿಟ್ಟರೆ ಆಯಿತಲ್ಲ? ಅವಳು ಅದನ್ನೂ ಮಾಡಿ ನೋಡಿದಳು. ಮುಂದಿನ ರೆಕಾರ್ಡಿಂಗಿನಲ್ಲಿ ಅಜ್ಜಿಯ ದನಿ ಸ್ವಚ್ಛವಾಗಿದೆ. ಆದರೆ ಕತೆ ಕುಂಟುತ್ತಿದೆ. ನಾಲ್ಕು ಸಾಲಿಗೊಮ್ಮೆ "ಅವ್ವಾ, ಇದ್ದೀಯಾ?" "ಕೇಳ್ತಾ ಇದ್ದೀಯಾ ಮಗಾ?" ಕೊನೆಗೆ ರಾಣಿ ಕಾಡಿಗೆ ಹೋಗುವ ಭಾಗವನ್ನು ಎರಡೇ ಮಾತಿನಲ್ಲಿ ಮುಗಿಸಿ, "ಅಷ್ಟೇ ಕಣವ್ವ, ಕತೆ" ಅಂದುಬಿಟ್ಟರು. ಅದೇ ಅಜ್ಜಿ ಮುಂದೆ ಒಂದು ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಆ ಭಾಗವನ್ನು ಹಾಡು ಸಮೇತ ಹೇಳಿದರು. ಅಜ್ಜಿಗೆ ಮರೆವು, ಕತೆ ಚಿಕ್ಕದು ಅಂತ ಆ ಕರೆಯ ಆಧಾರದ ಮೇಲೆ ಪ್ರಬಂಧದಲ್ಲಿ ಬರೆದಿದ್ದರೆ ಏನಾಗುತ್ತಿತ್ತು!

ಪರಿಹಾರ ಸುಲಭ. ಆ ಕಡೆಯವರಿಗೆ ಒಂದು ಇಯರ್‌ಫೋನ್ ಸಿಕ್ಕಿಸಬೇಕು. ಸ್ಪೀಕರಿನಿಂದ ದನಿ ಹೊರಡದಿದ್ದರೆ ಮಾರ್ದನಿ ಇಲ್ಲ. ಮಾರ್ದನಿ ಇಲ್ಲದಿದ್ದರೆ ಮೈಕು ತಗ್ಗಿಸುವ ಕೆಲಸವೂ ಇಲ್ಲ. ವೈರಿರುವ ಸಾದಾ ಇಯರ್‌ಫೋನ್ ಸಾಕು. ಬ್ಲೂಟೂತ್ ಬೇಡ, ಅದು ತನ್ನದೇ ಒಂದಿಷ್ಟು ತಡ ಸೇರಿಸುತ್ತದೆ. ಅಜ್ಜಿಯಂದಿರು ಕಿವಿಗೆ ಸಿಕ್ಕಿಸಿಕೊಳ್ಳಲು ಒಪ್ಪದಿದ್ದರೆ ಒಂದೇ ಕಿವಿಗೆ ಸಾಕು. ಮೊಮ್ಮಕ್ಕಳು ಹೇಳಿದರೆ ಒಪ್ಪುತ್ತಾರೆ.

ಇನ್ನು ಭಾಷಾವಿಜ್ಞಾನದವರ ಕಷ್ಟ. ಮೈಸೂರು, ಚಾಮರಾಜನಗರದ ಕಡೆ ಮಾತಿನಲ್ಲಿ ಹಟ್ಟಿ ಅಟ್ಟಿಯಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಒಬ್ಬರೇ ಒಮ್ಮೆ ಹಟ್ಟಿ, ಒಮ್ಮೆ ಅಟ್ಟಿ ಅನ್ನಬಹುದು. ಯಾರ ಎದುರು ಯಾವುದು ಅನ್ನುವುದು ಸಂಶೋಧನೆಗೆ ಒಳ್ಳೆಯ ವಸ್ತು. ಆದರೆ ಹಕಾರ ಅಂದರೆ ಬರೀ ಉಸಿರು. ಮೌನದ ನಂತರ ಮೆಲ್ಲಗೆ ಶುರುವಾಗುವ ಉಸಿರನ್ನು ಕರೆಯ ಸಾಫ್ಟ್‌ವೇರ್ ಮಾತು ಅಂತ ಗುರುತಿಸದೇ ಇರಬಹುದು. ಗದ್ದಲ ಅಂದುಕೊಂಡು ಒರೆಸಿಹಾಕಬಹುದು. ಆಗ ಹಟ್ಟಿ ಅಂದವರೂ ನಮ್ಮ ರೆಕಾರ್ಡಿಂಗಿನಲ್ಲಿ ಅಟ್ಟಿ ಅಂದಂತೆ ಕೇಳಿಸುತ್ತದೆ. ಹಕಾರ ನುಂಗಿದ್ದು ಸಾಫ್ಟ್‌ವೇರು. ನಾವು ಬರೆಯುವುದು ಆ ಮನುಷ್ಯರ ಉಪಭಾಷೆಯ ಲಕ್ಷಣ ಅಂತ.

ಉತ್ತರ ಕರ್ನಾಟಕದ ಕಡೆ ಸಾಲಿ, ಶಾಲಿ ಎರಡೂ ಕೇಳುತ್ತವೆ. ಸಕಾರದ ಶಕ್ತಿಯೆಲ್ಲ ಇರುವುದು ಮೇಲಿನ ಕಂಪನಗಳಲ್ಲಿ, ಬಹುಪಾಲು 4,000 ಹರ್ಟ್ಸಿಗಿಂತ ಮೇಲೆ. ಹಳೆಯ ಟೆಲಿಫೋನು ದಾಟಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ಮಾತ್ರ. ಹಾಗಾಗಿ ಲ್ಯಾಂಡ್‌ಲೈನಿನಲ್ಲಿ ಹೆಸರು ಹೇಳುವಾಗ ಸಕಾರವೋ ಶಕಾರವೋ ಅಂತ ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಸ್ಕೈಪ್ ಬಂದಾಗ ದನಿ ಪಕ್ಕದಲ್ಲೇ ಇದ್ದಂತೆ ಕೇಳಿದ್ದು ಅದು ಈ ಮಿತಿ ದಾಟಿದ್ದರಿಂದ. ಈಗಿನ ವೋಲ್ಟೆ ಕರೆಯೂ, ಅಂದರೆ 4ಜಿ ಜಾಲದ ಮೇಲೆಯೇ ಹೋಗುವ ಫೋನ್ ಕರೆಯೂ, 7,000 ಹರ್ಟ್ಸ್‌ವರೆಗೆ ದಾಟಿಸಬಲ್ಲದು. ಆದರೆ ಎರಡೂ ಕಡೆ ವೋಲ್ಟೆ ಇರಬೇಕು. ಸಿಗ್ನಲ್ ಕುಗ್ಗಿ ಕರೆ 2ಜಿಗೆ ಜಾರಿದರೆ ಮತ್ತೆ ಹಳೇ ಕತೆ.

ಕೊರೊನಾ ಸಮಯದಲ್ಲಿ ಧ್ವನಿವಿಜ್ಞಾನಿಗಳು ಇದನ್ನೆಲ್ಲ ಅಳೆದು ನೋಡಿದರು. 2021ರಲ್ಲಿ ಅಮೆರಿಕದ ಭಾಷಾವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವೊಂದು, ರೆಕಾರ್ಡ್ ಮಾಡುವ ಸಾಧನ ಮತ್ತು ಕರೆಯ ಸಾಫ್ಟ್‌ವೇರ್ ಬದಲಾದರೆ ಧ್ವನಿಯ ಅಳತೆಗಳೂ ಬದಲಾಗುತ್ತವೆ ಎಂದು ತೋರಿಸಿತು. ಹಾಗಾಗಿ ಒಬ್ಬರನ್ನು ಜೂಮಿನಲ್ಲಿ, ಇನ್ನೊಬ್ಬರನ್ನು ಎದುರಿಗೆ ಕೂರಿಸಿ ರೆಕಾರ್ಡ್ ಮಾಡಿ, ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬಾರದು.

ಹಾಡಿನ ಕತೆ ಇನ್ನೂ ಬೇರೆ. ಬಾಗಲಕೋಟೆ ಕಡೆಯ ಒಬ್ಬ ಹಿರಿಯರು ಕರೆಯಲ್ಲಿ ನನ್ನ ತರಗತಿಗೆ ತತ್ವಪದ ಹಾಡಿ ತೋರಿಸಲು ಒಪ್ಪಿದ್ದರು. ಏಕತಾರಿ ಶ್ರುತಿ ಮಾಡಿಕೊಂಡು ಮೀಟಿದರು. ನಮಗೆ ಮೊದಲ ಒಂದೆರಡು ಮೀಟು ಕೇಳಿಸಿತು, ಆಮೇಲೆ ಏನೂ ಇಲ್ಲ. ಅವರ ಬೆರಳು ಆಡುತ್ತಲೇ ಇತ್ತು. "ಅಕ್ಕೋರ, ಏಕತಾರಿ ದನಿ ಬರಾಕತ್ತೈತೇನ್ರಿ?" ಅಂತ ಕೇಳಿದರು. ಬರುತ್ತಿರಲಿಲ್ಲ. ಒಂದೇ ಶ್ರುತಿಯಲ್ಲಿ ಬಿಡದೆ ಮೊಳಗುವ ದನಿ ಗದ್ದಲ ತಗ್ಗಿಸುವ ಸಾಫ್ಟ್‌ವೇರಿಗೆ ಫ್ಯಾನಿನ ಗುಂಯ್‌ಗುಡುವಿಕೆಯ ಹಾಗೇ ಕಾಣುತ್ತದೆ. ಅದನ್ನು ತೆಗೆದುಹಾಕುವುದೇ ಅದರ ಕೆಲಸ. ತಂಬೂರಿಗೂ ಇದೇ ಗತಿ. ಜೂಮಿನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆಯಿದೆ. ಬೇರೆ ಆ್ಯಪುಗಳಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಬೇಕು. ಮಾಡಿದ ಮೇಲೆ ಏಕತಾರಿ ಬಂತು, ಹಿಂದೆ ಅವರ ಮನೆಯ ಕೋಳಿಯ ಕೂಗೂ ಬಂತು. ತರಗತಿಯ ಹುಡುಗರ ಮುಖ ಅರಳಿತು.

ಸಂಶೋಧನೆಗೆ ನಾವು ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಕರೆ ಮಾತಾಡುವುದಕ್ಕೆ ಮಾತ್ರ, ರೆಕಾರ್ಡಿಂಗಿಗೆ ಅದನ್ನು ನಂಬುವುದಿಲ್ಲ. ಆ ಕಡೆ ಮನೆಯಲ್ಲಿ ಇನ್ನೊಂದು ಫೋನು ಇದ್ದೇ ಇರುತ್ತದೆ. ಅದರಲ್ಲಿರುವ ರೆಕಾರ್ಡರ್ ಆನ್ ಮಾಡಿ ಮಾತಾಡುವವರ ಹತ್ತಿರ ಇಡಲು ಹೇಳುತ್ತೇವೆ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸುತ್ತೇವೆ, ಆಮೇಲೆ ಎರಡು ರೆಕಾರ್ಡಿಂಗ್ ಹೊಂದಿಸಲು ಅನುಕೂಲ. ಮುಗಿದ ಮೇಲೆ ಆ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಬರುತ್ತದೆ. ಇಂಟರ್ನೆಟ್ ಎಷ್ಟೇ ಕೈಕೊಟ್ಟರೂ ಅಜ್ಜಿಯ ಹಕಾರ ಜಗಲಿಯ ಮೇಲಿನ ಆ ಫೋನಿನಲ್ಲಿ ಭದ್ರವಾಗಿರುತ್ತದೆ.

ಸಂದರ್ಶನಕ್ಕೆ ಇಂಟರ್ನೆಟ್ ಕರೆ ಕೀಳು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎದುರಿಗೆ ಹೋದಾಗ ನಾವು ಅವರ ಮನೆಯ ಅತಿಥಿ. ಕಾಫಿ ಕೊಡಬೇಕು, ಬೇಡ ಅನ್ನಲು ಸಂಕೋಚ, ಎದ್ದು ಹೋಗಿ ಅನ್ನಲು ಆಗದು. ಕರೆಯಲ್ಲಿ ಅವರಿಗೆ ಸಾಕೆನಿಸಿದರೆ "ಆಮೇಲೆ ಮಾಡಿ" ಅಂತ ಕತ್ತರಿಸಬಹುದು. ಆ ಹಿಡಿತ ಅವರ ಕೈಯಲ್ಲಿರುವುದು ಒಳ್ಳೆಯದು. ಗಂಡ, ಅತ್ತೆ ಕೇಳಿಸಿಕೊಳ್ಳುವ ಜಗಲಿಯಲ್ಲಿ ಬಾಯಿಬಿಡದ ಹೆಣ್ಣುಮಕ್ಕಳು, ಇಯರ್‌ಫೋನ್ ಸಿಕ್ಕಿಸಿಕೊಂಡು ಹಿತ್ತಲಲ್ಲಿ ನಿಂತು ಮನಸ್ಸು ಬಿಚ್ಚಿ ಮಾತಾಡಿದ್ದಾರೆ. ಮುಖ ಕಾಣದಿರುವುದೇ ಅವರಿಗೆ ಧೈರ್ಯ. ಹಾಗಂತ ನಮ್ಮ ಹೊಣೆ ಕಡಿಮೆಯಾಗುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅಂತ ನಮಗೆ ಕಾಣುವುದಿಲ್ಲ. ಅದಕ್ಕೆ "ಈಗ ಮಾತಾಡಬಹುದಾ?" ಅಂತ ಪ್ರತಿ ಸಲ ಕೇಳಬೇಕು. ರೆಕಾರ್ಡ್ ಮಾಡುತ್ತಿದ್ದೇವೆ ಅಂತ ಹೇಳಿ, ಅವರು ಹೂಂ ಅಂದದ್ದನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು.

ತರಗತಿಗೆ ಬರೋಣ. ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯಿಸುವುದನ್ನು ನಾನು ವಿರೋಧಿಸುತ್ತೇನೆ. ಲೆಕ್ಕ ನೋಡಿ. ಬರೀ ದನಿಯಾದರೆ ಗಂಟೆಗೆ 20 ಎಂಬಿ ಸುತ್ತಮುತ್ತ ಸಾಕು. ಸೆಕೆಂಡಿಗೆ ಒಂದು ಮೆಗಾಬಿಟ್ ಬೇಡುವ ವಿಡಿಯೋಗೆ ಗಂಟೆಗೆ 450 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡ ವಿದ್ಯಾರ್ಥಿಗೆ ನಾಲ್ಕು ತರಗತಿ ಮುಗಿಯುವ ಮೊದಲೇ ಡೇಟಾ ಖಾಲಿ. ಮನೆಯಲ್ಲಿ ಇಬ್ಬರು ಓದುವವರಿದ್ದು ಫೋನು ಒಂದೇ ಇದ್ದರೆ ಇನ್ನೂ ಕಷ್ಟ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ, ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೋವನ್ನು ನಾವೆಲ್ಲ ನೋಡಿದ್ದೇವೆ. ನೆಟ್‌ವರ್ಕ್ ಇರುವ ಗುಡ್ಡ ಹುಡುಕಿಕೊಂಡು ಹೋಗುವ ಮಕ್ಕಳಿಗೆ ನಮ್ಮ ದನಿ ಮುಟ್ಟಿದರೆ ಸಾಕು. ಅವರ ಮುಖ ನಮಗೆ ಕಾಣಲೇಬೇಕು ಅನ್ನುವ ಹಠ ಯಾರಿಗಾಗಿ?

ಪಾಠ ಮಾಡುವವರಿಗೆ ಖಾಲಿ ಪರದೆ ನೋಡಿ ಬೇಸರವಾಗುವುದು ನಿಜ. ನನಗೂ ಆಗುತ್ತದೆ. ಎಲ್ಲರೂ ಮ್ಯೂಟ್‌ನಲ್ಲಿದ್ದಾಗ ಆ ಪಿಸುಮಾತು, ನಗು, ಪುಟ ತಿರುಗಿಸುವ ಸದ್ದು ಯಾವುದೂ ಇಲ್ಲ. ಅರ್ಥವಾಯಿತೋ ಇಲ್ಲವೋ ತಿಳಿಯುವುದಿಲ್ಲ. ನಾನು ಕಂಡುಕೊಂಡದ್ದು ಗುಂಪು ಚಿಕ್ಕದು ಮಾಡುವುದು. ಐದಾರು ಜನರ ಗುಂಪು, ವಿಡಿಯೋ ಬೇಡ, ಎಲ್ಲರಿಗೂ ಇಯರ್‌ಫೋನ್, ಮೈಕ್ ಆನ್. ಓದಬೇಕಾದ ಪಠ್ಯ ಮೊದಲೇ ಪಿಡಿಎಫ್ ಆಗಿ ಎಲ್ಲರ ಹತ್ತಿರ ಇರಬೇಕು. ಹಳಗನ್ನಡದ ಪದ್ಯವೊಂದನ್ನು ಒಬ್ಬೊಬ್ಬರೂ ಒಂದೊಂದು ಸಾಲು ಓದುತ್ತಾರೆ. ಮುಖ ಕಾಣದಿದ್ದಾಗ ಕಿವಿ ಚುರುಕಾಗುತ್ತದೆ. ಯಾರು ಎಲ್ಲಿ ಪದ ಬಿಡಿಸಲಾರದೆ ತಡೆದರು ಅನ್ನುವುದು ನನಗೆ ಎದುರು ಕೂತ ಅರವತ್ತು ಜನರ ತರಗತಿಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಪಿಎಚ್‌ಡಿ ಮಾರ್ಗದರ್ಶನಕ್ಕೂ ನಾನು ದನಿಯನ್ನೇ ಇಷ್ಟಪಡುತ್ತೇನೆ. ಇಬ್ಬರ ಎದುರೂ ಅದೇ ಅಧ್ಯಾಯ ತೆರೆದಿರುತ್ತದೆ, ಕಣ್ಣು ಬರಹದ ಮೇಲಿರುತ್ತದೆ. ಮದುವೆಯಾಗಿ ದೂರದ ಊರಿಗೆ ಹೋದವರು, ಕೈಕೂಸಿರುವವರು, ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುವವರು, ಇವರಿಗೆಲ್ಲ ರಾತ್ರಿ ಊಟದ ನಂತರದ ಆ ಒಂದು ಗಂಟೆಯ ಕರೆಯೇ ವಿಶ್ವವಿದ್ಯಾಲಯ.

ವೈವಾದ ವಿಷಯಕ್ಕೆ ಒಂದಿಷ್ಟು ಕೆಲಸ ನಮ್ಮ ಕೈಯಲ್ಲೇ ಇದೆ. 2020ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೊಟ್ಟ ಮಾರ್ಗಸೂಚಿಯಲ್ಲಿ ಪಿಎಚ್‌ಡಿ ವೈವಾವನ್ನು ವಿಡಿಯೋ ಕಾನ್ಫರೆನ್ಸ್ ಮೂಲಕ ಮಾಡಲು ಅವಕಾಶ ಸಿಕ್ಕಿತು. ದೂರದ ಪರೀಕ್ಷಕರನ್ನು ಕರೆಸುವ ಖರ್ಚು, ತಿಂಗಳುಗಟ್ಟಲೆ ದಿನಾಂಕ ಹೊಂದಿಸುವ ತಲೆನೋವು ಎರಡೂ ತಪ್ಪಿದವು. ಅಭ್ಯರ್ಥಿಗಳಿಗೆ ಇದು ದೊಡ್ಡ ಉಪಕಾರ. ಆದರೆ ವಿಭಾಗದವರು ಹಿಂದಿನ ದಿನವೇ ಅಭ್ಯರ್ಥಿ ಮತ್ತು ಪರೀಕ್ಷಕರನ್ನು ಕರೆಯಲ್ಲಿ ಕೂರಿಸಿ ನೋಡಬೇಕು. ವಿಳಂಬ ತಿಳಿಯಲು ಸುಲಭ ದಾರಿಯಿದೆ. ಇಬ್ಬರೂ ಸರದಿಯಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗಬೇಕು. ಒಳ್ಳೆಯ ಲೈನಿನಲ್ಲಿ ಎಣಿಕೆ ಸಲೀಸಾಗಿ ಓಡುತ್ತದೆ, ಕೆಟ್ಟದ್ದರಲ್ಲಿ ತೂಕಡಿಸುತ್ತದೆ. ತೂಕಡಿಸಿದರೆ ವಿಡಿಯೋ ನಿಲ್ಲಿಸಿ ನೋಡಬೇಕು. ಆಗಲೂ ಆಗದಿದ್ದರೆ ಅಭ್ಯರ್ಥಿಯನ್ನು ಒಳ್ಳೆಯ ಕೇಬಲ್ ಇಂಟರ್ನೆಟ್ ಇರುವ ಕೋಣೆಗೆ ಕರೆಸಬೇಕು. ವೈವಾ ಶುರುವಾಗುವ ಮೊದಲು ಅಧ್ಯಕ್ಷರು ಎಲ್ಲರ ಎದುರು ಹೇಳಬೇಕು: ಲೈನಿನಲ್ಲಿ ಇಷ್ಟು ತಡವಿದೆ, ಉತ್ತರ ಬರುವವರೆಗೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ. ನಾನು ಅಧ್ಯಕ್ಷತೆ ವಹಿಸಿದಾಗ ಇದನ್ನು ಬರೆದುಕೊಂಡೇ ಓದುತ್ತೇನೆ.

ಉಳಿದದ್ದು ಕಡತದ ಮಾತು. 2018ರಲ್ಲಿ ಸ್ಕೈಪ್ ತಾನೇ ಕರೆ ರೆಕಾರ್ಡ್ ಮಾಡುವ ಸೌಲಭ್ಯ ಕೊಟ್ಟಿತು. ಆ ರೆಕಾರ್ಡಿಂಗು ಅವರ ಸರ್ವರಿನಲ್ಲಿ ಇರುತ್ತಿದ್ದದ್ದು 30 ದಿನ ಮಾತ್ರ. ಈಗ ಸ್ಕೈಪೇ ಇಲ್ಲ. ಮುಂದೆ ಇನ್ನೊಂದು ಆ್ಯಪೂ ಹೋಗುತ್ತದೆ. ಆದ್ದರಿಂದ ಸಂದರ್ಶನ ಮುಗಿದ ದಿನವೇ ಫೈಲನ್ನು ಇಳಿಸಿಕೊಂಡು ಎರಡು ಕಡೆ ಇಡಿ. ಜೊತೆಗೆ ಒಂದು ಚೀಟಿ ಬರೆದಿಡಿ. ಯಾರು, ಯಾವ ಊರು, ಯಾವ ದಿನ ಅಂತ ಹೇಗೂ ಬರೆಯುತ್ತೀರಿ. ಯಾವ ಆ್ಯಪು, ಎರಡೂ ಕಡೆ ಯಾವ ಫೋನು, ಇಯರ್‌ಫೋನ್ ಇತ್ತೋ ಸ್ಪೀಕರೋ, ಗದ್ದಲ ತಗ್ಗಿಸುವುದು ಆನ್ ಇತ್ತೋ ಆಫೋ, ಇದನ್ನೂ ಬರೆಯಿರಿ. ಇಪ್ಪತ್ತು ವರ್ಷದ ನಂತರ ಆ ಫೈಲು ತೆರೆಯುವ ವಿದ್ಯಾರ್ಥಿಗೆ, ಅಜ್ಜಿ ಅಟ್ಟಿ ಅಂದರೋ ಹಟ್ಟಿ ಅಂದರೋ ಅಂತ ತೀರ್ಮಾನಿಸಲು ಆ ಚೀಟಿ ಬೇಕಾಗುತ್ತದೆ.